ಗಾಜಿನ ಮೇಲೆ ಹೆಬ್ಬೆರಳು

ಗವಿಪುರಂ

ಪ್ರವಾಸ ಹೋಗಿಬಂದವರು ಹೊರಟ ದಿನದಿಂದ ಶುರುಮಾಡುತ್ತಾರೆ. ಹೊರಟ ದಿನದ ನೆನಪು ನನ್ನ ಬಳಿ ಎರಡಿವೆ. ಒಂದರಲ್ಲಿ ನಾನು ವಸಂತನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೇನೆ, ಬೀದಿಯಲ್ಲಿ ಟ್ಯಾಕ್ಸಿ ಹಾರನ್ ಹೊಡೆಯುತ್ತಿದೆ. ಇನ್ನೊಂದರಲ್ಲೂ ಅದೇ ಬಾಗಿಲು, ಅದೇ ಲೋಟ, ಆದರೆ ಟ್ಯಾಕ್ಸಿ ಇಲ್ಲ. ಹೊರಡುವುದಕ್ಕೆ ಇನ್ನೂ ವಾರವಿದೆ. ಎರಡನ್ನೂ ಹೊಲಿದು ಒಂದು ಮಾಡಿದರೆ ಓದುವವರಿಗೆ ಸಲೀಸು. ನಾನು ಹೊಲಿಯುವುದಿಲ್ಲ. ಹಾಗೆ ಹೊಲಿದ ಒಂದು ನೆನಪಿನಿಂದ ಆದದ್ದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು.

ಎರಡರಲ್ಲೂ ಒಂದು ಮಾತ್ರ ಬದಲಾಗಿಲ್ಲ. ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿಟ್ಟ ಸ್ಟೀಲು ಡಬ್ಬಿಗಳಲ್ಲಿ ಒಂದೆರಡು ಸಾಲು ಬಿಟ್ಟು ಅರ್ಧ ಹೊರಗೆ ಬಂದಿವೆ.

ವಸಂತನ ಹೆಂಡತಿ ಗಿರಿಜಾ ಇದನ್ನು ಬಂದವರಿಗೆಲ್ಲ ವಿವರಿಸಿ ಬೇಸತ್ತಿದ್ದರು. “ನಾನೇನೂ ಸೋಮಾರಿಯಲ್ಲ ಕಣ್ರೀ. ಇವರು ತಳ್ಳಿರೋದು. ಡಬ್ಬಿ ಹೊರಗೆ ಬಂತು ಅಂದ್ರೆ ಬೇಳೆ ಮುಗೀತಾ ಬಂತು ಅಂತ. ಬಾಯ್ಬಿಟ್ಟು ಹೇಳಿದ್ರೆ ಆಗಲ್ವಾ? ಇಲ್ಲ, ಇವರು ಮನೇಲೂ ವಿಮಾನ ಇಳಿಸ್ಬೇಕು.”

ವಸಂತನೂ ನಾನೂ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ವಾಯು ಸಂಚಾರ ನಿಯಂತ್ರಕರು. ಒಟ್ಟಿಗೆ ಕೆಲಸಕ್ಕೆ ಸೇರಿ ಒಟ್ಟಿಗೆ ತಲೆ ನರೆಸಿಕೊಂಡವರು. ಆಕಾಶದಲ್ಲಿರುವ ಪ್ರತಿ ವಿಮಾನಕ್ಕೂ ನಮ್ಮ ಮುಂದೆ ಒಂದು ಕಾಗದದ ಚೀಟಿ. ಗೇಣುದ್ದದ್ದು, ಪ್ಲಾಸ್ಟಿಕ್ ಹಿಡಿಯೊಳಗೆ ಕೂರಿಸಿದ್ದು. ಸ್ಟ್ರಿಪ್ಪು ಅನ್ನುತ್ತೇವೆ. ಅದರ ಮೇಲೆ ವಿಮಾನದ ಹೆಸರು, ಎತ್ತರ, ದಾರಿ. ಬೋರ್ಡು ಎಂದು ಕರೆಯುವ ಇಳಿಜಾರು ಹಲಗೆಯ ಮೇಲೆ ಈ ಸ್ಟ್ರಿಪ್ಪುಗಳು ಒಂದರ ಕೆಳಗೊಂದು ಕೂತಿರುತ್ತವೆ. ಎರಡು ವಿಮಾನಗಳು ಮುಂದೆಲ್ಲೋ ಒಂದೇ ಎತ್ತರದಲ್ಲಿ ಒಂದೇ ಕಡೆ ಬಂದು ಸೇರುತ್ತವೆ ಎಂದು ಕಂಡು, ಆ ಕ್ಷಣಕ್ಕೆ ಬಿಡಿಸಲು ಪುರುಸೊತ್ತಿಲ್ಲದಿದ್ದರೆ, ಒಂದು ಸ್ಟ್ರಿಪ್ಪನ್ನು ಎಡಗೈ ಹೆಬ್ಬೆರಳಿನಿಂದ ಸಾಲಿನಾಚೆ ಅರ್ಧ ತಳ್ಳುತ್ತೇವೆ. ಆಗ ಬಲಗೈ ಬೇರೇನೋ ಬರೆಯುತ್ತಿರುತ್ತದೆ, ಬಾಯಿ ಇನ್ನೊಬ್ಬ ಪೈಲಟ್ಟಿನ ಜೊತೆ ಮಾತಾಡುತ್ತಿರುತ್ತದೆ. ಸ್ಟ್ರಿಪ್ಪು ಹೊರಗಿರುವ ತನಕ ಕೆಲಸ ಬಾಕಿ. ಸಾಲು ನೇರವಾಗಿದ್ದರೆ ಉಸಿರು ಬಿಡಬಹುದು. ಇದನ್ನು ಯಾರೂ ಪಾಠ ಮಾಡಿ ಕಲಿಸಲಿಲ್ಲ. ಹಿರಿಯರ ಪಕ್ಕ ಕೂತು ನೋಡಿ ನೋಡಿ ಬೆರಳಿಗೆ ಬಂದದ್ದು.

ಹೊಸ ವಿಮಾನ ನಿಲ್ದಾಣದ ಮಾತು ಊರ ತುಂಬ ಹರಡಿದ್ದ ಕಾಲ ಅದು, ಎರಡು ಸಾವಿರದ ನಂತರದ ಮೊದಲ ವರ್ಷಗಳು. ಹೊಸ ಗೋಪುರದಲ್ಲಿ ಕಾಗದ ಇರುವುದಿಲ್ಲ, ಸ್ಟ್ರಿಪ್ಪುಗಳೆಲ್ಲ ಗಾಜಿನ ಪರದೆಯ ಮೇಲೆ ಬರುತ್ತವೆ ಎಂದರು. ಹಾಲೆಂಡಿನ ಒಂದು ಸಂಶೋಧನಾ ಕೇಂದ್ರದಲ್ಲಿ ಅಂಥ ಪರದೆಯ ಪ್ರಯೋಗ ನಡೆದಿತ್ತು. ಬೇರೆ ಬೇರೆ ದೇಶಗಳ ನಿಯಂತ್ರಕರ ಕೈಯಲ್ಲಿ ಅದನ್ನು ಆಡಿಸಿ ನೋಡಬೇಕಂತೆ. ನಮ್ಮಿಂದ ಇಬ್ಬರನ್ನು ಕಳಿಸಿದರು. “ಪರೀಕ್ಷೆ ಮಷೀನಿಗೇ ಹೊರತು ನಿಮಗಲ್ಲ,” ಎಂದರು ಮೇಲಿನವರು. ಕ್ಯಾಂಟೀನಿನಲ್ಲಿ ಬೇರೆ ಮಾತಿತ್ತು: ಪರದೆಗೆ ಕೈ ಕೂಡಿಬಂದವರು ಹೊಸ ಗೋಪುರಕ್ಕೆ, ಕೂಡದವರು ಕಡತಗಳ ಕೋಣೆಗೆ.

“ಬೋರ್ಡಿಂದ ಇಳಿಸ್ಬಿಟ್ರೆ ನಾನೇನ್ ಮಾಡ್ಲಿ, ಶ್ರೀಧರ?” ಎಂದಿದ್ದ ವಸಂತ. “ನಿನಗಾದ್ರೆ ಬರೆಯೋ ಚಟ ಇದೆ. ನನಗಿರೋದು ಅದೊಂದೇ ಕಣೋ.”

ಟ್ಯಾಕ್ಸಿ ಇತ್ತೋ ಇಲ್ಲವೋ, ಈ ಮಾತು ಇತ್ತು.

ಆಕಾಶ

ನಿಯಂತ್ರಕರಷ್ಟು ಕೆಟ್ಟ ಪ್ರಯಾಣಿಕರು ಇನ್ನಿಲ್ಲ. ಇಳಿಯುವ ಮುಂಚೆ ನಮ್ಮ ವಿಮಾನ ಮೋಡದ ಮೇಲೆ ಸುತ್ತು ಹಾಕತೊಡಗಿದಾಗ ವಸಂತ ಕಿಟಕಿಗೆ ಹಣೆ ಒತ್ತಿಕೊಂಡು ಕೂತ.

“ಯಾಕೋ ಸುತ್ತಿಸ್ತಿದಾನೆ. ಕೆಳಗೆ ಯಾವನೋ ನಮ್ಮ ಸ್ಟ್ರಿಪ್ಪು ಹೊರಗೆ ತಳ್ಳಿ ಕೂತಿದಾನೆ ನೋಡು.”

“ಸುಮ್ನೆ ಟೀ ಕುಡಿ.”

“ಕಾಫಿಗೆ ಹೋದ್ನೋ ಏನೋ. ಅಯ್ಯಾ ಮಹಾನುಭಾವ, ಬಾರೋ, ಬಂದು ಒಳಗೆ ತಳ್ಳೋ!”

ಪಕ್ಕದ ಸೀಟಿನ ಹೆಂಗಸು, ನಮ್ಮ ಭಾಷೆ ಬಾರದಿದ್ದರೂ, ವಸಂತನ ದನಿ ಕೇಳಿಯೇ ಬೆಲ್ಟು ಬಿಗಿ ಮಾಡಿಕೊಂಡಳು.

ಇಳಿದ ಮೇಲೆ ಸಾಮಾನು ಬರುವ ಕಡೆ ಒಂದು ನಾಯಿ ನಮ್ಮ ಚೀಲವನ್ನು ಮೂಸಿ, ಹಿಂದೆ ಸರಿದು, ಜೋರಾಗಿ ಸೀನಿತು. ಗಿರಿಜಾ ಕಟ್ಟಿಕೊಟ್ಟ ಹುಳಿಪುಡಿಯಲ್ಲಿ ಇಂಗು ಧಾರಾಳವಾಗಿತ್ತು. ಪೊಲೀಸಿನವನು ಪೊಟ್ಟಣ ಬಿಚ್ಚಿ ತಾನೂ ಮೂಸಿದ. ನಾಯಿಯನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿ ಬಿಟ್ಟುಬಿಟ್ಟ. ಈ ಪ್ರವಾಸದಲ್ಲಿ ಯಾವ ಕಲಬೆರಕೆಯೂ ಇಲ್ಲದೆ ನಗಲು ಸಿಕ್ಕಿದ ಪ್ರಸಂಗ ಇದೊಂದೇ. ಹಾಗಾಗಿ ಇದರ ಮೇಲೂ ನನಗೆ ಅನುಮಾನ.

ಪರದೆಯಿಲ್ಲದ ಕಿಟಕಿಗಳು

ನಮಗೆ ಕೊಟ್ಟದ್ದು ಸಣ್ಣ ಊರೊಂದರ ಇಟ್ಟಿಗೆ ಮನೆಯ ಮೇಲಂತಸ್ತು. ಆ ಊರಿನ ಬೀದಿಕಿಟಕಿಗಳಿಗೆ ಬಟ್ಟೆಯೇ ಇಲ್ಲ. ಸಂಜೆ ನಡೆದು ಹೋದರೆ ಮನೆಮನೆಯ ಊಟ, ಟಿವಿ, ಮಕ್ಕಳ ಜಗಳ ಎಲ್ಲ ದೀಪದ ಬೆಳಕಲ್ಲಿ ಕಾಣುತ್ತದೆ. ಆದರೆ ಯಾರೂ ಇಣುಕುವುದಿಲ್ಲ. ಗವಿಪುರದ ನಮ್ಮ ಬೀದಿಯಲ್ಲಿ ಕಿಟಕಿಗೆ ಬಟ್ಟೆ ಕಟ್ಟಿದರೂ ಒಳಗೇನು ಸಾರು ಎಂದು ಎದುರುಮನೆಗೆ ಗೊತ್ತು. ಇಲ್ಲಿ ಎಲ್ಲ ಕಾಣುತ್ತಿದ್ದರೂ ಏನೂ ಗೊತ್ತಾಗುವುದಿಲ್ಲ. ಮೊದಲ ದಿನ ಇದು ತಮಾಷೆ ಅನ್ನಿಸಿತ್ತು.

ಕಚ್ಚಾಟಗಳೂ ಆದವು. ವಸಂತ ಅಂಗಡಿಯಿಂದ ಹಾಲೆಂದು ತಂದ ಡಬ್ಬಿಯನ್ನು ಕಾಫಿಗೆ ಹುಯ್ದ. ಕಾಫಿ ಒಡೆದು ಚಿಂದಿಯಾಯಿತು. ಮೂಸಿ ನೋಡಿದರೆ ಮಜ್ಜಿಗೆ. “ಮಜ್ಜಿಗೇನ ಪ್ಯಾಕೆಟ್ಟಲ್ಲಿ ಮಾರ್ತಾರಲ್ಲೋ ಈ ದೊರೆಗಳು!” ಎಂದು ಅವನಿಗೆ ಆನಂದವೋ ಆನಂದ. ಮರುದಿನ ಅನ್ನಕ್ಕೆ ಅದನ್ನೇ ಕಲಸಿಕೊಂಡ. ಒಗ್ಗರಣೆಗೆ ಸಾಸಿವೆ ಇಲ್ಲ. ಅವನು ಗೊಣಗಿದ, ನಾನು ರೇಗಿದೆ, ಇಬ್ಬರೂ ಮಾತು ಬಿಟ್ಟು ಊಟ ಮಾಡಿದೆವು.

ಬಚ್ಚಲುಮನೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ವಾರಗಳಿಲ್ಲ, ವರ್ಷವಿಲ್ಲ; ಬರೀ ನೆಂಟರಿಷ್ಟರ ಹೆಸರು, ಹುಟ್ಟಿದ ದಿನ. ಯಾರನ್ನೂ ಮರೆಯಬಾರದೆಂದು ಅಲ್ಲಿ ಹಾಕುತ್ತಾರಂತೆ, ದಿನಕ್ಕೊಮ್ಮೆ ಕಣ್ಣಿಗೆ ಬೀಳಲೇಬೇಕಲ್ಲ. ವಸಂತ ಅದನ್ನು ಬಹಳ ಮೆಚ್ಚಿದ. “ನೋಡು, ಇವರಿಗೂ ತಲೆ ಮೇಲೆ ನಂಬಿಕೆ ಇಲ್ಲ. ನಮ್ಮವರೇ.”

ಕತ್ತಲೆ ಕೋಣೆ

ಸಂಶೋಧನಾ ಕೇಂದ್ರ ಬಯಲಿನ ನಡುವೆ ಇತ್ತು, ಸುತ್ತ ಹಸುಗಳು. ಒಳಗೆ ಕಿಟಕಿಯಿಲ್ಲದ ಕೋಣೆ, ಮಂದ ಬೆಳಕು.

“ನಮ್ಮ ಗವಿ ಗಂಗಾಧರೇಶ್ವರನ ಥರಾನೇ ಇದೆಯಲ್ಲೋ,” ಎಂದ ವಸಂತ. “ಸಂಕ್ರಾಂತಿಗೊಂದ್ಸಲ ಬಿಸಿಲು ಬರುತ್ತೋ ಏನೋ ಕೇಳು.”

ಪರದೆಯನ್ನು ಕಟ್ಟಿದವಳು ಮಾರ್ಗ್ರೀಟ್ ಎಂಬ ಎಂಜಿನಿಯರು. ನಲವತ್ತರ ಆಸುಪಾಸು, ಕತ್ತರಿಸಿದ ಕೂದಲು, ಮಾತಿಗೆ ಮುಂಚೆ ಒಂದು ಕ್ಷಣ ತಡೆಯುವ ಅಭ್ಯಾಸ. ಇಳಿಜಾರಾಗಿ ಕೂರಿಸಿದ ಗಾಜಿನ ಮೇಲೆ ನಮ್ಮ ಸ್ಟ್ರಿಪ್ಪುಗಳೇ, ಅದೇ ಅಳತೆ, ಅದೇ ಬಣ್ಣ. ಪ್ಲಾಸ್ಟಿಕ್ ಹಿಡಿಯ ನೆರಳನ್ನು ಕೂಡ ಬಿಡಿಸಿದ್ದಳು. ವೈರು ಕಟ್ಟಿದ ಒಂದು ಪೆನ್ನು ಕೊಟ್ಟಳು. ಪೆನ್ನಿನಿಂದ ಬರೆಯಬಹುದು, ಪೆನ್ನಿನಿಂದ ಎಳೆದು ಸ್ಟ್ರಿಪ್ಪಿನ ಜಾಗ ಬದಲಿಸಬಹುದು.

ವಸಂತ ಮೊದಲು ಕೇಳಿದ್ದು ಒಂದೇ ಪ್ರಶ್ನೆ. “ಹೊರಗೆ ತಳ್ಳಬಹುದಾ?”

ಮಾರ್ಗ್ರೀಟ್ ತಡೆದು, ಮುಗುಳ್ನಕ್ಕು, ಪೆನ್ನಿನ ತುದಿಯಿಂದ ಒಂದು ಸ್ಟ್ರಿಪ್ಪನ್ನು ಪಕ್ಕಕ್ಕೆ ಎಳೆದಳು. ಅದು ಸಾಲಿನಿಂದ ಅರ್ಧ ಹೊರಗೆ ಚಾಚಿ ನಿಂತಿತು. ಹಳೆಯ ನಿಯಂತ್ರಕರ ಬೆನ್ನ ಹಿಂದೆ ತಿಂಗಳುಗಟ್ಟಲೆ ನಿಂತು ಇದನ್ನು ನೋಡಿಕೊಂಡೆ, ಇದಿಲ್ಲದೆ ಪರದೆ ಮಾಡಿದ್ದರೆ ನೀವು ನನ್ನನ್ನು ಬೈಯುತ್ತಿದ್ದಿರಿ, ಎಂದಳು.

“ಬುದ್ಧಿವಂತೆ ಕಣೋ,” ಎಂದ ವಸಂತ ನನ್ನ ಕಡೆ ತಿರುಗಿ. ಮುಖದಲ್ಲಿ ನಿರಾಳ. ಪರದೆಗೂ ತನಗೂ ಆಗಿಬರುತ್ತದೆ ಎಂದು ಅವತ್ತು ಸಂಜೆ ಗಿರಿಜಾಗೆ ಫೋನು ಮಾಡಿ ಹೇಳಿದ.

ವಿಮಾನಗಳು ನಿಜವಲ್ಲ. ಪಕ್ಕದ ಕೋಣೆಯಲ್ಲಿ ಕೂತ ಕೆಲವರು ಹೆಡ್‌ಫೋನು ಹಾಕಿಕೊಂಡು ಪೈಲಟ್ಟುಗಳಂತೆ ಮಾತಾಡುತ್ತಿದ್ದರು. ಅವರಲ್ಲಿ ಹನ್ನಿ ಎಂಬ ಮುದುಕಿ, ನಿವೃತ್ತ ಶಾಲಾ ಮೇಡಂ. ಒಬ್ಬಳೇ ಹಲವು ವಿಮಾನಗಳಾಗುತ್ತಿದ್ದಳು. ಒಂದೊಂದಕ್ಕೆ ಒಂದೊಂದು ದನಿ. ಕೈಯಲ್ಲಿ ಉಣ್ಣೆಯ ಹೆಣಿಗೆ. ಬಿಡುವಿನಲ್ಲಿ ಬಂದು ಕಪ್ಪಗಿನ ಮಿಠಾಯಿ ಹಂಚಿದಳು. ಅತಿಮಧುರದ್ದಂತೆ, ಆದರೆ ಉಪ್ಪು. ವಸಂತ ಅದನ್ನು ಬಾಯಲ್ಲಿಟ್ಟುಕೊಂಡು, ಉಗಿಯಲಾಗದೆ, ನುಂಗಲಾಗದೆ, ಕೈಮುಗಿದು ನಿಂತಿದ್ದ.

ಹುಟ್ಟುಹಬ್ಬ

ಒಂದು ಬೆಳಿಗ್ಗೆ ಹೋದರೆ ಎಲ್ಲರೂ ನಮ್ಮ ಕೈ ಕುಲುಕಿ “ಅಭಿನಂದನೆಗಳು” ಎಂದರು. ಪರದೆಯ ಪರೀಕ್ಷೆ ಗೆದ್ದೆವೇನೋ ಎಂದು ವಸಂತನ ಎದೆ ಉಬ್ಬಿತು. ವಿಷಯ ಮಾರ್ಗ್ರೀಟಳ ಹುಟ್ಟುಹಬ್ಬ. ಆ ದೇಶದಲ್ಲಿ ಹುಟ್ಟಿದವರಿಗೆ ಮಾತ್ರ ಶುಭ ಕೋರಿದರೆ ಸಾಲದು. ಅವರ ಅಪ್ಪ ಅಮ್ಮ, ಗಂಡ, ಗೆಳೆಯ, ಜೊತೆಗೆ ಕೆಲಸ ಮಾಡುವವರು, ಎಲ್ಲರಿಗೂ ಕೋರಬೇಕು. ನಿಮ್ಮ ಸಹೋದ್ಯೋಗಿ ಹುಟ್ಟಿದ್ದಕ್ಕೆ ನಿಮಗೆ ಅಭಿನಂದನೆ. ಎಲ್ಲರೂ ಗುಂಡಗೆ ಹಾಕಿದ ಕುರ್ಚಿಗಳಲ್ಲಿ ಕೂತು ಒಂದೊಂದು ತುಂಡು ಕೇಕು ತಿಂದೆವು. ಕೇಕಿನ ಡಬ್ಬಿ ಮುಚ್ಚಿ ಬೀರುವಿನೊಳಗೆ ಹೋಯಿತು, ಎರಡನೆಯ ತುಂಡಿಗೆ ಯಾರೂ ಕೈಚಾಚಲಿಲ್ಲ.

“ಒಬ್ಬರ ಸಂತೋಷ ಎಲ್ಲರಿಗೂ ಹಂಚಿ ಬಿಡ್ತಾರೆ ನೋಡು,” ಎಂದ ವಸಂತ. “ಕೇಕು ಮಾತ್ರ ಹಂಚಲ್ಲ.”

ನಾನು ನಕ್ಕೆ. ಆ ನಗುವಿನ ಫೋಟೋ ನನ್ನ ಬಳಿ ಇದೆ. ಅದರಲ್ಲಿ ವಸಂತ ಇಲ್ಲ, ಅವನ ಕುರ್ಚಿ ಖಾಲಿ. ಈ ಮಾತನ್ನು ಅವನು ಎಲ್ಲಿಂದ ಆಡಿದ, ಯಾವಾಗ ಆಡಿದ, ನನಗೆ ಗೊತ್ತಿಲ್ಲ.

ಕತ್ತಲೆ ಕೋಣೆ, ಮತ್ತೆ

ಇನ್ನು ಮುಂದಿನದನ್ನು ಮೊದಲು ನಾನು ನೆನಪಿಟ್ಟುಕೊಂಡಿರುವಂತೆಯೇ ಹೇಳುತ್ತೇನೆ.

ಕೊನೆಯ ದೊಡ್ಡ ಅಭ್ಯಾಸ. ಬೆಂಗಳೂರಿಗೆ ಹೋಗುವ ವರದಿಗೆ ಇದೇ ಆಧಾರ ಎಂದು ಮೊದಲೇ ತಿಳಿಸಿದ್ದರು. ವಸಂತ ಬೋರ್ಡಿನ ಮುಂದೆ, ನಾನು ಪಕ್ಕದಲ್ಲಿ ಸಹಾಯಕ. ನೆರೆಯ ಕೇಂದ್ರಗಳೊಡನೆ ಫೋನಿನಲ್ಲಿ ಮಾತಾಡುವುದು ನನ್ನ ಕೆಲಸ. ನಮ್ಮ ತಲೆಯ ಮೇಲೆ ಒಂದು ವಿಡಿಯೊ ಕ್ಯಾಮೆರಾ.

ವಿಮಾನಗಳು ದಟ್ಟವಾಗುತ್ತ ಬಂದವು. ಒಂದು ಉತ್ತರದಿಂದ, ಒಂದು ಪೂರ್ವದಿಂದ, ಎರಡೂ ಒಂದೇ ಎತ್ತರ, ದಾರಿಗಳು ಕೂಡುವ ಜಾಗ ಇನ್ನೂ ದೂರ. ನಾನು ಬಾಯಿ ತೆರೆಯುವ ಮೊದಲೇ ವಸಂತ “ನೋಡ್ದೆ, ನೋಡ್ದೆ” ಎಂದ. ಅಷ್ಟರಲ್ಲಿ ಮೂರನೆಯ ವಿಮಾನ, ಹನ್ನಿಯ ಗಡಸು ದನಿಯಲ್ಲಿ, ಎದುರು ಗುಡುಗುಮೋಡವಿದೆ, ದಾರಿ ಬದಲಿಸಿಕೊಡಿ ಎಂದಿತು. ವಸಂತ ಅದಕ್ಕೆ ಉತ್ತರ ಹೇಳುತ್ತಲೇ ಉತ್ತರದ ವಿಮಾನದ ಸ್ಟ್ರಿಪ್ಪನ್ನು ಸಾಲಿನಾಚೆ ತಳ್ಳಿದ. ಅದು ಹೊರಗೆ ಬಂದದ್ದನ್ನು ನಾನು ನೋಡಿದೆ. ಸರಿ, ಇವನ ಗಮನದಲ್ಲಿದೆ ಎಂದುಕೊಂಡು ಫೋನಿಗೆ ತಿರುಗಿದೆ.

ಮೂರನೆಯದರ ಹಿಂದೆ ನಾಲ್ಕನೆಯದು, ಅದಕ್ಕೂ ಮೋಡದ ದೂರು. ಅವೆರಡನ್ನೂ ಬಿಡಿಸಿ ವಸಂತ ಬೋರ್ಡನ್ನು ಮೇಲಿನಿಂದ ಕೆಳಗೆ ನೋಡಿದ. ಸಾಲು ನೇರವಾಗಿತ್ತು. ಒಂದೂ ಹೊರಗಿಲ್ಲ. ಉಸಿರು ಬಿಟ್ಟು ಕುರ್ಚಿಗೆ ಒರಗಿದ. ಅವನು ಹಾಗೆ ಒರಗುವುದನ್ನು ನಾನು ಎಷ್ಟೋ ವರ್ಷಗಳಿಂದ ಬಲ್ಲೆ. ಆಕಾಶ ತಿಳಿಯಾಗಿದೆ ಎಂದೇ ಅರ್ಥ. ನಾನೂ ಸಾಲು ನೋಡಿದೆ. ನಾನೂ ಒರಗಿದೆ.

ಬೋರ್ಡಿನ ಪಕ್ಕದ ರಾಡಾರಿನ ಮೇಲೆ ಎರಡು ಚುಕ್ಕಿಗಳು ಕೆಂಪಾಗಿ ಮಿಟುಕಿದವು. ವಸಂತ ಮುಂದಕ್ಕೆ ಹಾರಿ ಕೂಗಿದ. ತಡವಾಗಿತ್ತು. ಚುಕ್ಕಿಗಳು ಒಂದಾಗಿ, ಮತ್ತೆ ಎರಡಾಗಿ, ಏನೂ ಆಗದವರಂತೆ ತಮ್ಮ ದಾರಿ ಹಿಡಿದು ಹೋದವು. ಎರಡೂ ಹನ್ನಿಯ ವಿಮಾನಗಳೇ. ಎರಡೂ ದನಿಗಳು ಸುಮ್ಮನಾದವು.

ಯಾರೋ ದೀಪ ಹಾಕಿದರು. ವಸಂತ ಹೆಡ್‌ಫೋನು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹನ್ನಿ ಬಾಗಿಲಲ್ಲಿ ಕಾಣಿಸಿಕೊಂಡು, ಅವನ ಹತ್ತಿರ ಬಂದು, ಮಿಠಾಯಿ ಡಬ್ಬಿ ಹಿಡಿದಳು. ಅವನು ಒಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಈ ಸಲ ಮುಖ ಕಿವಿಚಲಿಲ್ಲ.

ಅದೇ ಕೋಣೆ, ದೀಪ ಹಾಕಿದ ಮೇಲೆ

ಮಾರ್ಗ್ರೀಟ್ ನಮ್ಮಿಬ್ಬರನ್ನೂ ಕೂರಿಸಿಕೊಂಡಳು. ವಸಂತನನ್ನು ಕೇಳಿದಳು: ನೀವು ಗುರುತು ಮಾಡಿದಿರಾ?

“ಮಾಡಿದೆ,” ಎಂದ ಅವನು. “ಹೊರಗೆ ತಳ್ಳಿದೆ. ಆಮೇಲೆ ನೋಡಿದರೆ ಒಳಗಿತ್ತು. ನಾನೇ ಬಿಡಿಸಿ ಒಳಗೆ ತಳ್ಳಿರಬೇಕು ಅಂದುಕೊಂಡೆ.”

ಪರದೆಯ ದಾಖಲೆಯಲ್ಲಿ ಆ ಸ್ಟ್ರಿಪ್ಪು ಅಲುಗಿದ ಸುಳಿವೇ ಇಲ್ಲ ಎಂದಳು ಆಕೆ. ನನ್ನ ಕಡೆ ತಿರುಗಿದಳು. ನೀವು ನೋಡಿದಿರಾ?

ಇಲ್ಲಿ ವಸಂತನ ಬೋರ್ಡು ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

“ನೋಡಿದೆ,” ಎಂದೆ. “ಸ್ಟ್ರಿಪ್ಪು ಹೊರಗೆ ಬಂತು. ಅರ್ಧ. ನಿಮ್ಮ ಯಂತ್ರ ಅದನ್ನು ವಾಪಸ್ಸು ಎಳೆದುಕೊಂಡಿದೆ.”

“ಪೆನ್ನಿನಿಂದ ಎಳೆದರೇ?”

“ಪೆನ್ನಿನಿಂದ. ಬಲಗೈಯಲ್ಲಿತ್ತು.”

“ಖಚಿತವಾಗಿ?”

“ಖಚಿತವಾಗಿ.”

ಅಷ್ಟು ಸ್ಪಷ್ಟವಾಗಿ ನಾನು ಕಂಡಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ: ಪೆನ್ನಿನ ತುದಿ, ವೈರಿನ ಸುರುಳಿ, ನೆರಳಿನ ಸಮೇತ ಹೊರಗೆ ಸರಿಯುವ ಸ್ಟ್ರಿಪ್ಪು.

ಅವಳು ವಿಡಿಯೊ ಹಾಕಿದಳು. ಮೇಲಿನಿಂದ ತೆಗೆದದ್ದು. ನಮ್ಮಿಬ್ಬರ ನೆತ್ತಿ, ಗಾಜು, ನಾಲ್ಕು ಕೈಗಳು. ವಸಂತನ ದನಿ ಮೂರನೆಯ ವಿಮಾನಕ್ಕೆ ಉತ್ತರಿಸುತ್ತಿದೆ. ಬಲಗೈಯಲ್ಲಿ ಪೆನ್ನಿದೆ, ಅದು ಮೂರನೆಯ ವಿಮಾನದ ಹೊಸ ದಾರಿ ಬರೆಯುತ್ತಿದೆ. ತಲೆ ರಾಡಾರಿನ ಕಡೆ. ಎಡಗೈ ಮೇಜಿನ ಅಂಚಿನಿಂದ ಎದ್ದು, ಗಾಜಿನ ಮೇಲೆ ಬಂದು, ಹೆಬ್ಬೆರಳನ್ನು ಸರಿಯಾಗಿ ಉತ್ತರದ ವಿಮಾನದ ಸ್ಟ್ರಿಪ್ಪಿನ ಮೇಲೆ ಇಟ್ಟು, ಒತ್ತಿ, ಪಕ್ಕಕ್ಕೆ ತಳ್ಳಿತು.

ಸ್ಟ್ರಿಪ್ಪು ಇದ್ದಲ್ಲೇ ಇತ್ತು.

ಗಾಜಿಗೆ ಗೊತ್ತಾಗುವುದು ಪೆನ್ನು ಮಾತ್ರ. ಬೆರಳು ಅದರ ಪಾಲಿಗೆ ಇಲ್ಲ.

“ಇನ್ನೊಂದು ಸಲ ಹಾಕಿ,” ಎಂದೆ. ಅವಳು ಹಾಕಿದಳು. ಹೆಬ್ಬೆರಳು ಬಂತು, ಒತ್ತಿತು, ತಳ್ಳಿತು. ಈ ಸಲವಾದರೂ ಹೊರಗೆ ಬರುತ್ತದೆ ಎಂದು ನಾನು ಕಾದೆ. ವಿಡಿಯೊದಲ್ಲಿ ನನ್ನ ನೆತ್ತಿ ಆ ಕಡೆ ತಿರುಗಿ, ನೋಡಿ, ತಲೆಯಾಡಿಸಿ, ಫೋನಿನ ಕಡೆ ಹೋಯಿತು. ನಾನು ನೋಡಿದ್ದೆ ಅನ್ನುವುದು ಸುಳ್ಳಲ್ಲ. ಹಳೆಯ ಗೋಪುರದಲ್ಲಿ ಆ ಹೆಬ್ಬೆರಳು ತಳ್ಳಿದಾಗಲೆಲ್ಲ ಹೊರಬಂದ ಸ್ಟ್ರಿಪ್ಪುಗಳನ್ನೇ ಇಲ್ಲಿಯೂ ನೋಡಿದ್ದೆ. ಬಲಗೈಯನ್ನೂ ಪೆನ್ನನ್ನೂ ನೆನಪು ಆಮೇಲೆ ತಂದಿಟ್ಟಿತ್ತು, ಕಥೆ ಕೂಡಿಬರಲೆಂದು.

“ಅವನು ಗುರುತು ಮಾಡಿದ್ದಾನೆ,” ಎಂದೆ. “ನಿಮ್ಮ ಗಾಜಿಗೆ ತಿಳಿಯಲಿಲ್ಲ. ಹಾಗೆಂದೇ ಬರೆಯಿರಿ.”

ಮಾರ್ಗ್ರೀಟ್ ಬಹಳ ಹೊತ್ತು ತಡೆದಳು. ಬರೆಯುತ್ತೇನೆ, ಎಂದಳು. ಆದರೆ ಈಗ ತಾನೇ ನೀವು ಪೆನ್ನಿನಿಂದ ಎಂದಿರಿ, ಅದೂ ದಾಖಲಾಗಿದೆ.

ವಸಂತ ನನ್ನ ಕಡೆ ನೋಡಲಿಲ್ಲ. ತನ್ನ ಎಡಗೈಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಅದನ್ನೇ ನೋಡುತ್ತಿದ್ದ.

ಸಮುದ್ರ

ಹೊರಡುವ ಮುಂಚೆ ಒಂದು ದಿನ ರಜೆ ಕೊಟ್ಟರು. ರೈಲು ಹತ್ತಿ ಸಮುದ್ರ ನೋಡಲು ಹೋದೆವು. ಪ್ರವಾಸ ಎಂದ ಮೇಲೆ ಒಂದು ಸಮುದ್ರವಾದರೂ ಬೇಡವೇ. ಬೂದಿ ಬಣ್ಣದ ನೀರು, ಬೂದಿ ಬಣ್ಣದ ಆಕಾಶ, ನಡುವೆ ಗೆರೆಯೇ ಇಲ್ಲ. ಮರಳನ್ನು ಗಾಳಿ ನಮ್ಮ ಬಾಯಿಗೇ ತುಂಬುತ್ತಿತ್ತು. ದಡದಲ್ಲಿ ಒಬ್ಬ ಗಂಡಸು ಒಬ್ಬನೇ ಗಾಳಿಪಟ ಹಾರಿಸುತ್ತಿದ್ದ, ಮುಖದಲ್ಲಿ ಲವಲೇಶ ಖುಷಿಯಿಲ್ಲ, ಕಚೇರಿ ಕೆಲಸದಂತೆ. ಈ ಜನ ಆಟವನ್ನೂ ಹೀಗೇ ಆಡುತ್ತಾರೆಯೇ, ಅಥವಾ ಅವತ್ತು ನನಗೆ ಕಂಡವರೆಲ್ಲ ಹೀಗೆಯೋ.

“ಶ್ರೀಧರ, ನಿಜ ಹೇಳು,” ಎಂದ ವಸಂತ. “ಹೊರಗೆ ಬಂದಿದ್ದು ನೋಡಿದ್ಯಾ?”

“ನೋಡಿದ್ದೆ ಕಣೋ.”

“ವಿಡಿಯೊ ನೋಡಿದ ಮೇಲೂ?”

“ಈಗಲೂ ಕಾಣುತ್ತೆ.”

“ನನಗೂ.” ಅವನು ಎಡಗೈ ಜೇಬಿನೊಳಗೆ ಇಟ್ಟುಕೊಂಡ. “ಬೆರಳಿಗೆ ತಗುಲಿತ್ತು ಕಣೋ. ಸ್ಟ್ರಿಪ್ಪು ಜಾರಿದ್ದು ತಗುಲಿತ್ತು. ಬರೀ ಗಾಜು ಅದು. ಜಾರೋದು ಹೇಗೆ ತಗುಲುತ್ತೆ ಹೇಳು?”

ನಾನು ಬಾಯಿಗೆ ಬಂದ ಮರಳು ಉಗಿದೆ.

“ಆವತ್ತು ಹನ್ನಿಯಮ್ಮನ ಸುಳ್ಳು ವಿಮಾನ, ಆಯ್ತು,” ಎಂದ. “ಅಲ್ಲಿ, ನಮ್ಮೂರ ಮೇಲೆ, ಇಷ್ಟು ವರ್ಷ... ಎಷ್ಟು ಸಲ ತಗುಲಿದೆ ಅಂದುಕೊಂಡಿದೀನೋ.”

“ಅಲ್ಲಿ ಕಾಗದ ಇತ್ತು. ಹುಚ್ಚನ ಹಾಗೆ ಮಾತಾಡ್ಬೇಡ.”

“ಇತ್ತು ಅಂತ ನೀನು ಹೇಳ್ತಿದೀಯ. ನೀನು ಪೆನ್ನು ಅಂತಾನೂ ಹೇಳಿದ್ದೆ.”

ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಗಾಳಿಪಟದವನು ದಾರ ಸುತ್ತಿಕೊಂಡು ಹೊರಟುಹೋದ. ಸಹೋದ್ಯೋಗಿ ಹುಟ್ಟಿದ್ದಕ್ಕೆ ನಮ್ಮ ಕೈ ಕುಲುಕಿದ ಜನ, ಆ ಅಭ್ಯಾಸದ ಮಾರನೆಯ ದಿನ ಎಂದಿನಂತೆ ಶುಭಾಶಯ ಹೇಳಿ, ಬ್ರೆಡ್ಡಿನ ನಡುವೆ ಚೀಸು ಇಟ್ಟು ತಿಂದಿದ್ದರು. ಇಂಥದಕ್ಕೆ ಅವರಲ್ಲಿ ಮಾತಿಲ್ಲವೇನೋ. ನಮ್ಮಲ್ಲಿ ಎಷ್ಟೋ ಇವೆ. ಆದರೆ ವಾಪಸ್ಸು ಸ್ಟೇಷನ್ನಿಗೆ ನಡೆಯುವಾಗ ನನಗೆ ಒಂದೂ ಹೊಳೆಯಲಿಲ್ಲ.

ಊರು

ವರದಿ ನಮಗಿಂತ ಮುಂಚೆ ಬೆಂಗಳೂರು ತಲುಪಿತ್ತು. ಮಾರ್ಗ್ರೀಟ್ ಕೊಟ್ಟ ಮಾತಿನಂತೆ ಹೆಬ್ಬೆರಳಿನ ವಿಷಯ ಬರೆದಿದ್ದಳು, ಒಳಗೆಲ್ಲೋ. ನಮ್ಮ ಮೇಲಿನವರು ಓದಿದ್ದು ಮೊದಲ ಹಾಳೆ. ಅಲ್ಲಿ ಇದ್ದದ್ದು: ನಿಯಂತ್ರಕ ಸೂಚಿಸಿದ ಸಾಧನವನ್ನು ಬಳಸಲಿಲ್ಲ, ಸಹಾಯಕನ ಹೇಳಿಕೆ ವಿಡಿಯೊಗೆ ಹೊಂದಲಿಲ್ಲ. ನಾನು ಹೋಗಿ ವಾದಿಸಿದೆ. “ನೀವೇ ತಪ್ಪು ನೋಡಿದೀರಿ ಅಂತ ಇದೆಯಲ್ರೀ,” ಎಂದರು.

ನನ್ನ ಕೆಲಸಕ್ಕೆ ಏನೂ ಆಗಲಿಲ್ಲ, ಅವತ್ತು ಬೋರ್ಡಿನ ಮುಂದೆ ಇದ್ದವನು ನಾನಲ್ಲವಲ್ಲ. ವಸಂತನನ್ನು ಕಡತಗಳ ಕೋಣೆಗೆ ಹಾಕಿದರು. ಆ ಕೋಣೆಯ ಕಿಟಕಿಯಿಂದ ರನ್‌ವೇ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಮೊದಮೊದಲು ಸದ್ದು ಕೇಳಿಯೇ ಯಾವ ವಿಮಾನ ಎಂದು ಹೇಳುತ್ತಿದ್ದ. ಆಮೇಲೆ ಬಿಟ್ಟ. ಕಾಲಕ್ಕೆ ಮುಂಚೆಯೇ ನಿವೃತ್ತಿ ತೆಗೆದುಕೊಂಡ.

ಹೊಸ ವಿಮಾನ ನಿಲ್ದಾಣ ಬಂತು. ಗೋಪುರದಲ್ಲಿ ಗಾಜಿನ ಬೋರ್ಡು ಬಂತು. ಜೋಡಿಸಲು ಬಂದವರ ಜೊತೆ ಮಾರ್ಗ್ರೀಟ್ ಕೂಡ ಇದ್ದಳು, ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡೊಡನೆ ಗುರುತಿಸಿ, ಗಾಜಿನ ಮುಂದೆ ಕರೆದೊಯ್ದು, ಒಂದು ಸ್ಟ್ರಿಪ್ಪನ್ನು ತನ್ನ ಎಡ ಹೆಬ್ಬೆರಳಿನಿಂದ ತಳ್ಳಿದಳು. ಅದು ಸಾಲಿನಿಂದ ಅರ್ಧ ಹೊರಗೆ ಬಂದು ನಿಂತಿತು.

ಆ ಘಟನೆಯ ಮೇಲೆ ನಾವು ವರ್ಷಗಟ್ಟಲೆ ಕೆಲಸ ಮಾಡಿದೆವು ಎಂದಳು. ಈಗ ಗಾಜಿಗೆ ಬೆರಳೂ ತಿಳಿಯುತ್ತದೆ. ಅದನ್ನು ನಮಗೆ ಕಲಿಸಿದವರು ನಿಮ್ಮ ಸ್ನೇಹಿತರು. ಅವರು ಇವತ್ತು ಯಾವ ಪಾಳಿಯಲ್ಲಿದ್ದಾರೆ?

ನಾನು ಹೇಳಿದೆ. ಅವಳು ತಡೆದಳು. ಆ ತಡೆಯ ಆಚೆಗೆ ಮಾತು ಬರಲೇ ಇಲ್ಲ.

ಪಕ್ಕದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸ್ಟ್ರಿಪ್ಪುಗಳನ್ನು ಒಳಗೆ ಹೊರಗೆ ತಳ್ಳಿ ನೋಡುತ್ತಿದ್ದಳು. “ಸೂಪರ್ ಆಗಿದೆ ಅಲ್ವಾ ಸಾರ್, ಈ ತಂಬ್‌ದು? ಯಾರ್ ಐಡಿಯಾನೋ!”

ಗವಿಪುರಂ

ಅದನ್ನು ಹೇಳಲೆಂದು ವಸಂತನ ಮನೆಗೆ ಹೋದೆ. ಪ್ರವಾಸ ನಿಜವಾಗಿ ಮುಗಿದದ್ದು ಆ ಮಧ್ಯಾಹ್ನ.

ಅವನು ಹಜಾರದಲ್ಲಿ ಕೂತು ಪೇಪರ್ ಓದುತ್ತಿದ್ದ. ನಾನು ಎಲ್ಲ ಹೇಳಿದೆ. ಗಾಜಿಗೆ ಬೆರಳು ತಿಳಿಯುವುದು, ಮಾರ್ಗ್ರೀಟ್ ಕೇಳಿದ್ದು. ಅವನು ಕೇಳಿಸಿಕೊಂಡ. “ಒಳ್ಳೇದಾಯ್ತು,” ಎಂದ. “ಹುಡುಗ್ರಿಗೆ ಅನುಕೂಲ.” ಪೇಪರಿನ ಹಾಳೆ ತಿರುವಿದ.

ಕಾಫಿ ತರಲು ಎದ್ದ ಗಿರಿಜಾ ಹಿಂದೆ ನಾನೂ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಹಲಗೆಯ ಮೇಲೆ ಡಬ್ಬಿಗಳು ಒಂದಕ್ಕೊಂದು ಅಂಟಿಸಿದಂತೆ ನೆಟ್ಟಗೆ ನಿಂತಿದ್ದವು. ಗೋಡೆಯ ಕ್ಯಾಲೆಂಡರು, ದೇವರ ಪಟ, ಕಿಟಕಿಯ ಮೇಲಿನ ಔಷಧದ ಬಾಟಲಿಗಳು, ಎಲ್ಲ ನೆಟ್ಟಗೆ.

“ಡಬ್ಬಿ ತಳ್ಳೋದು ಬಿಟ್ಟಿದಾನಾ?”

“ಬಿಟ್ಟು ಎಷ್ಟೋ ಕಾಲ ಆಯ್ತು,” ಎಂದರು ಗಿರಿಜಾ, ಹಾಲಿನ ಮೇಲೆ ಕಣ್ಣಿಟ್ಟು. “ದಿನಾ ಬೆಳಿಗ್ಗೆ ಎದ್ದು ಒಂದೊಂದೇ ನೆಟ್ಟಗೆ ಮಾಡ್ತಾರೆ. ನಾನೇ ಬೇಳೆ ಮರ್ತು, ಎಷ್ಟೋ ದಿನ ಸಾರಿಲ್ಲ ನೋಡಿ.” ಹಾಲು ಇಳಿಸುತ್ತ ಹೇಳಿದರು: “ಬೈಕೊಂಡಿದ್ದೆ ಆವಾಗ. ಈಗ ಒಂದಾದ್ರೂ ಹೊರಗಿರ್ಲಿ ಅನ್ಸುತ್ತೆ ಕಣ್ರೀ.”

ಅವರು ಲೋಟ ತೊಳೆಯಲು ಆ ಕಡೆ ತಿರುಗಿದಾಗ ನಾನು ಎಡಗೈ ಚಾಚಿ, ಕೊನೆಯ ಡಬ್ಬಿಯನ್ನು ಹೆಬ್ಬೆರಳಿನಿಂದ ತಳ್ಳಿದೆ. ಅರ್ಧ ಹೊರಗೆ ಬಂತು. ಅದನ್ನು ಮುಟ್ಟಿ ನೋಡಿದೆ, ಬಂದಿದೆಯೆಂದು.

ಹಜಾರದಲ್ಲಿ ಕಾಫಿ ಕುಡಿದೆವು. ಊರಿನ ಬಿಸಿಲು, ನೀರಿನ ತೊಂದರೆ, ಯಾರದೋ ಮಗಳ ಮದುವೆ. ಮಜ್ಜಿಗೆ ಹುಯ್ದು ಒಡೆದ ಕಾಫಿಯ ಮಾತನ್ನೂ ನಾನೇ ತೆಗೆದೆ. ಆ ಡಬ್ಬಿ ತಂದವನು ತಾನಲ್ಲ, ನಾನು ಎಂದ ಅವನು. ಇರಬಹುದು.

ಲೋಟ ಒಳಗಿಡಲು ವಸಂತ ಎದ್ದು ಹೋದ. ನಾನು ಕುರ್ಚಿಯಲ್ಲೇ ಕೂತು ಕಿವಿಗೊಟ್ಟೆ. ಲೋಟ ಕಲ್ಲಿನ ಮೇಲೆ ಇಟ್ಟ ಸದ್ದು. ಆಮೇಲೆ ಏನೂ ಇಲ್ಲ, ಬಹಳ ಹೊತ್ತು. ಆಮೇಲೆ ಸ್ಟೀಲು ಡಬ್ಬಿ ಹಲಗೆಯ ಮೇಲೆ ಜರುಗಿ, ಹಿಂದಿನ ಗೋಡೆಗೆ ತಾಗಿ ನಿಂತ ಸದ್ದು.